ಲೆಕ್ಕಕ್ಕೆ ಐದನೆಯವಳು

ಥೆಲ್ಮಾ ಬ್ಯಾಂಬರ್ ಅಂದರೆ ಇಂಗ್ಲೆಂಡಿನ ಕಡಲೂರು ಮೋರ್ಕಮ್‌ನ ಆ ಬೀದಿಯಲ್ಲಿ ಯಾರಿಗೂ ಸದರವಿರಲಿಲ್ಲ. ವಯಸ್ಸು ಎಪ್ಪತ್ತೊಂದು, ಬೆನ್ನು ನೆಟ್ಟಗೆ, ಬಾಯಿ ಹರಿತ. ಹದಿನಾರರ ಹುಡುಗಿಯಾಗಿದ್ದಾಗ ಗಿರಣಿಯೂರು ಬರ್ನ್ಲಿಯಿಂದ ಒಂದು ಬೇಸಿಗೆಯ ಕೆಲಸಕ್ಕೆಂದು ಬಂದವಳು. ಬ್ಯಾಂಬರ್‌ ಮನೆತನದ ವಸತಿಮನೆಯಲ್ಲಿ ಹಾಸಿಗೆ ಕೊಡವುತ್ತ, ಮೊಟ್ಟೆ ಹುರಿಯುತ್ತ, ಕೊನೆಗೆ ಆ ಮನೆಯ ಮಗ ರಾನಿಯನ್ನೇ ಕಟ್ಟಿಕೊಂಡು ಅಲ್ಲೇ ಉಳಿದಳು. ಆಗೆಲ್ಲ ಗಿರಣಿಗಳು ವಾರದ ರಜೆ ಕೊಟ್ಟವೆಂದರೆ ಊರಿಗೆ ಊರೇ ರೈಲು ಹತ್ತಿ ಕಡಲಿಗೆ ಬರುತ್ತಿತ್ತು. ಒಂದು ಮಂಚಕ್ಕೆ ಮೂರು ಮಕ್ಕಳು, ತಲೆಗೊಬ್ಬ ಕಾಲಿಗೊಬ್ಬ. ಸ್ನಾನದ ತೊಟ್ಟಿಯ ಮೇಲೆ ಹಲಗೆ ಹಾಕಿ ಒಬ್ಬ ಸೋದರಮಾವನನ್ನು ಮಲಗಿಸಿದ್ದೂ ಉಂಟು. ಯಾರೂ ಟೇಪು ಹಿಡಿದು ಅಳೆಯಲು ಬರಲಿಲ್ಲ, ಮಲಗಿದವರೂ ಸಾಯಲಿಲ್ಲ. ಇದು ಥೆಲ್ಮಾಳ ಮಾತು. ಸತ್ತವರೂ ಇದ್ದರು, ಪಕ್ಕದೂರಿನ ಒಂದು ವಸತಿಮನೆಗೆ ಬೆಂಕಿ ಬಿದ್ದು ನಾಲ್ವರು ಹೋದರು, ಅದಕ್ಕೇ ಕೋಣೆ ಅಳೆಯುವ ಈ ಕಾನೂನು ಬಂದದ್ದು ಅಂತ ಯಾರಾದರೂ ಅಂದರೆ ಅವಳು ಸುಮ್ಮನಾಗುತ್ತಿದ್ದಳು. ಅನ್ಯಾಯದ ಮಾತು ಅವಳಿಗೆ ಒಗ್ಗುತ್ತಿರಲಿಲ್ಲ.

ಆಮೇಲೆ ಜನಕ್ಕೆ ಸ್ಪೇನಿನ ಬಿಸಿಲಿನ ರುಚಿ ಹತ್ತಿತು. ಮೋರ್ಕಮ್‌ನ ಮೋಡ ಯಾರಿಗೆ ಬೇಕು? ಬೀದಿಯ ವಸತಿಮನೆಗಳು ಒಂದೊಂದಾಗಿ ಬಾಗಿಲು ಹಾಕಿದವು, ಇಲ್ಲವೇ ಕೋಣೆ ಕೋಣೆಯಾಗಿ ಬಾಡಿಗೆಗೆ ಹೋದವು. ಥೆಲ್ಮಾಳ ಮನೆಯೂ ಹಾಗೇ ಆಯಿತು. ನಾಲ್ಕು ಕೋಣೆಗೆ ನಾಲ್ಕು ಒಂಟಿ ಗಂಡಸರು, ಐದನೆಯದು ಅವಳದ್ದು. ಆದರೆ ಹಳೆಯ ಪದ್ಧತಿಯೊಂದನ್ನು ಅವಳು ಬಿಡಲಿಲ್ಲ. ಸಂಜೆ ಐದೂವರೆಗೆ ಎಲ್ಲರೂ ಕೆಳಗಿನ ಮೇಜಿಗೆ ಬರಬೇಕು. ಒಂದೇ ಪಾತ್ರೆಯ ಊಟ, ಶುಕ್ರವಾರ ಮೀನು. ಕೋಣೆಯಲ್ಲಿ ಕೂತು ಒಬ್ಬೊಬ್ಬನೇ ಡಬ್ಬಿಯಿಂದ ತಿನ್ನುವವನು ಬೇರೆ ಮನೆ ನೋಡಿಕೊಳ್ಳಬಹುದು.

ಮೇಲೆ, ಮಾಡಿನ ಕೆಳಗಿನ ಕಿರುಕೋಣೆಯಲ್ಲಿ ಅರ್ನಲ್ಡ್ ರಿಗ್ ಇದ್ದ. ಅವಳಿಗಿಂತ ಒಂದೆರಡು ವರ್ಷ ಚಿಕ್ಕವನು. ಒಂದು ಕಾಲಕ್ಕೆ ನೀರು ಇಳಿದ ಕೊಲ್ಲಿಯ ಮರಳಿನ ಮೇಲೆ ಟ್ರ್ಯಾಕ್ಟರ್ ಓಡಿಸಿ ಸೀಗಡಿ ಬಾಚುತ್ತಿದ್ದವನು. ಎದೆ ಕೆಟ್ಟ ಮೇಲೆ ಅದನ್ನು ಬಿಟ್ಟು, ಕಡಲ ದಂಡೆಯಲ್ಲಿ ಬಾಡಿಗೆ ಕುರ್ಚಿ ಕೊಡುವ ಕೆಲಸಕ್ಕೆ ನಿಂತ. ಒಂದು ವಾರಕ್ಕೆಂದು ಬಂದವನು ಇಪ್ಪತ್ತೆರಡು ವರ್ಷ ಇದ್ದುಬಿಟ್ಟ. ಕೋಣೆ ಕಿರಿದು, ಆದರೆ ಮಂಚದ ಮೇಲೆ ಕೂತರೆ ಕಿಟಕಿಯಲ್ಲಿ ಇಡೀ ಕೊಲ್ಲಿ ಕಾಣುತ್ತಿತ್ತು, ಆಚೆ ದಡದ ಬೆಟ್ಟಗಳೂ. ಅವನಿಗೆ ಅಷ್ಟು ಸಾಕಾಗಿತ್ತು.

ರಾನಿಗೆ ಕ್ಯಾನ್ಸರ್ ಬಂದು ಮೆಟ್ಟಿಲು ಇಳಿಯಲಾರದೆ ಹೋದಾಗ, ಐದು ತಿಂಗಳು, ದಿನಕ್ಕೆ ಎರಡು ಸಲ, ಅವನನ್ನು ಎತ್ತಿ ಇಳಿಸಿದವನು ಹತ್ತಿಸಿದವನು ಈ ಅರ್ನಲ್ಡೇ. ಥೆಲ್ಮಾ ಉಪಕಾರದ ಮಾತು ಎತ್ತಿದರೆ, "ಸೀಗಡಿ ಬುಟ್ಟಿ ಇದಕ್ಕಿಂತ ಭಾರ ಇರ್ತಿತ್ತು, ಮಿಸೆಸ್ ಬ್ಯಾಂಬರ್" ಅನ್ನುತ್ತಿದ್ದ. ಇಪ್ಪತ್ತೆರಡು ವರ್ಷವೂ ಅವಳು ಅವನಿಗೆ ಮಿಸೆಸ್ ಬ್ಯಾಂಬರ್. ಅವಳೂ ಅವನಿಗೆ 'ನೀವು' ಬಿಟ್ಟು 'ನೀನು' ಅಂದವಳಲ್ಲ. ಅದಕ್ಕೆ ಪ್ರೀತಿ ಅಂತ ಹೆಸರಿಡಲು ಹೋದರೆ ಇಬ್ಬರೂ ಎದ್ದು ಹೋಗುತ್ತಿದ್ದರು. ಪ್ರೀತಿಯೇ ಆಗಿತ್ತು, ನಾನು ಹೇಳುತ್ತೇನೆ.

ಐದು ಅಥವಾ ಹೆಚ್ಚು ಜನ, ಒಂದೇ ಕುಟುಂಬದವರಲ್ಲದವರು, ಒಂದೇ ಅಡುಗೆಮನೆ ಹಂಚಿಕೊಂಡು ಇದ್ದರೆ ಆ ಮನೆಗೆ ನಗರಸಭೆಯ ಪರವಾನಗಿ ಬೇಕು. ಥೆಲ್ಮಾಳ ಹತ್ತಿರ ಇತ್ತು. ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು, ಅದನ್ನು ಹಜಾರದಲ್ಲಿ ಎಲ್ಲರಿಗೂ ಕಾಣುವಂತೆ ನೇತುಹಾಕಬೇಕು. ಬೀದಿಯ ಅರ್ಧ ಜನ ಪರವಾನಗಿ ಇಲ್ಲದೆಯೇ ಬಾಡಿಗೆ ಎಣಿಸುತ್ತಿದ್ದಾಗ ಇವಳು ಗಾಜು ಹಾಕಿಸಿ ತೂಗುಹಾಕಿದ್ದಳು. ಅದರ ಧೂಳನ್ನು ರಾನಿಯ ಫೋಟೋದ ಧೂಳಿನ ಜೊತೆಗೇ ಒರೆಸುತ್ತಿದ್ದಳು.

ಆ ಫೆಬ್ರವರಿಯಲ್ಲಿ ಪರವಾನಗಿಯ ಗಡುವು ಮುಗಿಯಿತು. ಪರಿಶೀಲನೆಗೆ ನಗರಸಭೆಯ ವಸತಿ ವಿಭಾಗದಿಂದ ಶಾಜಿಯಾ ಬಂದಳು. ಹಿಂದಿನ ಚಳಿಗಾಲದಲ್ಲೂ ಇದೇ ಹುಡುಗಿ ಬಂದಿದ್ದಳು. ಅರ್ನಲ್ಡ್‌ನ ಕೋಣೆಯ ಹೊರಗೋಡೆಗೆ ಕೈಯಿಟ್ಟು ನೋಡಿ, "ಗೋಡೆ ಮಂಜುಗಡ್ಡೆ ಆಗಿದೆ, ಮೂಲೇಲಿ ಬೂಷ್ಟು ಬಂದಿದೆ. ಎದೆ ಕೆಟ್ಟವರು ಮಲಗೋ ಜಾಗ ಅಲ್ಲ ಇದು. ಏನಾದ್ರೂ ಮಾಡಿಸಿ" ಅಂದಿದ್ದಳು. ಥೆಲ್ಮಾ ಮಾಡಿಸಿದಳು. ಮಾಡಿಸಿದ್ದಾದರೂ ಹೇಗೆ! ಬೇರೆಯವರಾದರೆ ಒಂದು ಕೈ ಬಣ್ಣ ಬಳಿಸಿ ಕೈ ತೊಳೆದುಕೊಳ್ಳುತ್ತಿದ್ದರು. ಇವಳು ಎರಡೂ ಹೊರಗೋಡೆಗೆ ಒಳಗಿನಿಂದ ಚಳಿ ತಡೆಯುವ ದಪ್ಪ ಹಲಗೆ ಹೊಡೆಸಿ, ಮೇಲೆ ಗಾರೆ ಹಚ್ಚಿಸಿದಳು. ಆ ಚಳಿಗಾಲ ಅರ್ನಲ್ಡ್ ಮೊದಲ ಸಲ ಕೆಮ್ಮದೆ ನಿದ್ದೆ ಮಾಡಿದ.

ಈಗ ಶಾಜಿಯಾ ಅಂಗೈಯಗಲದ ಯಂತ್ರವೊಂದನ್ನು ಗೋಡೆಯಿಂದ ಗೋಡೆಗೆ ಹಿಡಿದು, ಕೆಂಪು ಚುಕ್ಕೆ ಬೀಳಿಸಿ, ಬರೆದುಕೊಂಡಳು. ಮತ್ತೆ ಹಿಡಿದಳು. ಮೂರನೆಯ ಸಲವೂ ಹಿಡಿದಾಗ ಥೆಲ್ಮಾಳಿಗೆ ತಡೆಯಲಾಗಲಿಲ್ಲ.

"ಏನಮ್ಮ, ಕೋಣೆ ಓಡಿಹೋಗುತ್ತೆ ಅಂತಾನಾ? ನಿಂತಲ್ಲೇ ಇದೆ, ನೂರು ವರ್ಷದಿಂದ."

"ಮಿಸೆಸ್ ಬ್ಯಾಂಬರ್, ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ, ಹೇಳು."

"ದೊಡ್ಡವರೊಬ್ಬರು ಮಲಗೋ ಕೋಣೆ ಆರೂವರೆ ಚದರ ಮೀಟರಿಗಿಂತ ಕಡಿಮೆ ಇರಬಾರ್ದು. ಈಗ ಹೊಸ ನಿಯಮ, ಲೈಸೆನ್ಸಲ್ಲೇ ಬರೀತಾರೆ. ಮಾಡು ಇಳಿಜಾರಾಗಿ ತೀರಾ ತಗ್ಗಾಗಿರೋ ಕಡೆ ನೆಲ ಲೆಕ್ಕಕ್ಕಿಲ್ಲ. ಅದನ್ನ ಕಳೆದ್ರೂ ಈ ಕೋಣೆ ಮೊದ್ಲು ಪಾಸಾಗ್ತಿತ್ತು, ಹಳೇ ಫೈಲಲ್ಲಿ ಅಳತೆ ಇದೆ. ಈಗ ಆರು, ಮೇಲೆ ಒಂದಿಷ್ಟು."

"ಹಾಗಾದ್ರೆ ಉಳಿದಿದ್ದು ಎಲ್ಲಿ ಹೋಯ್ತು?"

ಶಾಜಿಯಾ ಗೋಡೆಯನ್ನು ಮೆಲ್ಲಗೆ ತಟ್ಟಿದಳು. ಹೊಸ ಹಲಗೆ ಡೊಳ್ಳಿನಂತೆ ಸದ್ದು ಮಾಡಿತು. "ಇದರೊಳಗೆ."

ಹೋಮ ಮಾಡಲು ಹೋಗಿ ಕೈ ಸುಟ್ಟುಕೊಳ್ಳುವುದು ಅಂದರೆ ಇದೇ. ಥೆಲ್ಮಾ ಮಂಚದ ತುದಿಯಲ್ಲಿ ಕೂತಳು. ಹಲಗೆ ಕಿತ್ತು ಹಾಕಿಸುತ್ತೇನೆ ಅಂದಳು. ಕಿತ್ತರೆ ಮತ್ತೆ ಬೂಷ್ಟು, ಅದಕ್ಕೆ ಬೇರೆ ನೋಟಿಸು. ಒಳಗೋಡೆ ಒಡೆಸುತ್ತೇನೆ ಅಂದಳು. ಅದರಾಚೆ ಮೆಟ್ಟಿಲು, ಬೆಂಕಿ ಬಿದ್ದರೆ ಜನ ಓಡುವ ದಾರಿ, ಮುಟ್ಟುವ ಹಾಗಿಲ್ಲ. ಕೆಳಗಿನ ಊಟದ ಕೋಣೆಯಲ್ಲಿ ಮಂಚ ಹಾಕುತ್ತೇನೆ ಅಂದಳು. ಐದು ಜನಕ್ಕೆ ಕೂರುವ ಜಾಗ ಬೇಕೇ ಬೇಕು, ಅದನ್ನೂ ಮುಟ್ಟುವ ಹಾಗಿಲ್ಲ.

"ಸರಿ, ನಾನೇ ಇಲ್ಲಿ ಮಲಗ್ತೀನಿ. ಅರ್ನಲ್ಡ್ ನನ್ನ ಕೋಣೆಗೆ ಹೋಗ್ಲಿ. ನನ್ನನ್ನ ಯಾರು ಕೇಳ್ತಾರೆ?"

"ಯಾರೂ ಮಲಗೋ ಹಾಗಿಲ್ಲ, ಮಿಸೆಸ್ ಬ್ಯಾಂಬರ್. ಹತ್ತು ವರ್ಷದೊಳಗಿನ ಮಗು ಆದ್ರೆ ಮಲಗಬಹುದು."

"ಎಪ್ಪತ್ತೊಂದಾಯ್ತಲ್ಲಮ್ಮ. ಸ್ವಲ್ಪ ತಡ ಆಯ್ತು."

ಹುಡುಗಿ ನಗಲಿಲ್ಲ. ಅವಳ ಕಣ್ಣು ತುಂಬಿತ್ತು ಅಂತ ಥೆಲ್ಮಾ ಆಮೇಲೆ ಹೇಳುತ್ತಿದ್ದಳು. ಒಳ್ಳೆಯ ಹುಡುಗಿ, ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ. ಆರು ತಿಂಗಳ ಗಡುವು ಕೊಟ್ಟಳು. ಆಗಸ್ಟ್ ಮುಗಿಯುವುದರೊಳಗೆ ಆ ಕೋಣೆ ಖಾಲಿಯಾಗಬೇಕು, ಆಗದಿದ್ದರೆ ದಂಡ. ಆ ದಂಡದ ಮೊತ್ತ ಕೇಳಿದರೆ ಮನೆ ಮಾರಬೇಕಾದೀತು ಅನ್ನಿಸಿತು.

ಬಾಗಿಲ ಹತ್ತಿರ ಹೋದಮೇಲೆ ಶಾಜಿಯಾ ತಿರುಗಿ ನಿಂತಳು. "ಇದೆಲ್ಲ ಐದು ಜನ ಇದ್ರೆ ಮಾತ್ರ. ನಾಲ್ಕು ಜನ ಆದ್ರೆ ನಿಮಗೆ ಈ ಲೈಸೆನ್ಸೇ ಬೇಡ. ಆ ಕೋಣೆಗೆ ಈ ಅಳತೆಯ ಕಟ್ಟೂ ಇರಲ್ಲ. ಬೆಚ್ಚಗಿದೆ, ಒಣಗಿದೆ, ನಾನು ಮತ್ತೆ ಟೇಪು ಹಿಡ್ಕೊಂಡು ಬರಲ್ಲ."

"ನಾಲ್ಕು ಜನಾನೇ ಇರೋದು. ಎಣಿಸಿ ನೋಡು."

"ನೀವೂ ಸೇರಿದ್ರೆ ಐದು."

ಮನೆಯ ಯಜಮಾನಿ ತನ್ನ ಮನೆಯಲ್ಲಿ ತಾನೂ ಒಂದು ತಲೆ ಎಂದು, ಅಷ್ಟು ವರ್ಷ ಪರವಾನಗಿ ತೂಗುಹಾಕಿಕೊಂಡಿದ್ದರೂ, ಅವಳಿಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ.

ಇಂಥ ಸುದ್ದಿ ಗುಟ್ಟಾಗಿ ಇರುತ್ತದೆಯೇ? ವಾರದೊಳಗೆ ಮೇಜಿನ ಸುತ್ತ ನಾಲ್ವರಿಗೂ ಗೊತ್ತಾಯಿತು, ಒಬ್ಬರು ಹೋಗಬೇಕು ಅಂತ. ಅಲ್ಲಿಂದ ಊಟಕ್ಕೆ ರುಚಿ ಹೋಯಿತು. ಮುಂಚೆ ಹರಟುತ್ತಿದ್ದವರು ತಟ್ಟೆ ನೋಡಿಕೊಂಡು ತಿನ್ನತೊಡಗಿದರು. ಮೊದಲನೆಯ ಮಹಡಿಯ ಬ್ಯಾರಿ, ಬಸ್ ಡಿಪೋದಲ್ಲಿ ಕೆಲಸ ಮಾಡುವವನು, ಬಾಯಿಗೆ ಬೀಗವಿಲ್ಲದವನು, ಒಂದು ಶುಕ್ರವಾರ ಮೀನಿನ ಮುಳ್ಳು ತೆಗೆಯುತ್ತ ಅಂದೇಬಿಟ್ಟ:

"ಕೋಣೆ ಯಾರದು ಕಮ್ಮಿ ಆಯ್ತೋ ಅವರು ಹೋಗೋದು ನ್ಯಾಯ ಅಲ್ವಾ? ನಮ್ಮ ಕೋಣೆಗಳು ಸರಿಯಾಗೇ ಇವೆಯಲ್ಲ."

ಅರ್ನಲ್ಡ್ ಚಮಚ ಕೆಳಗಿಟ್ಟ. "ಬ್ಯಾರಿ ಹೇಳೋದು ಸರಿ, ಮಿಸೆಸ್ ಬ್ಯಾಂಬರ್. ನಾನು ಎಲ್ಲಾದ್ರೂ ನೋಡ್ಕೋತೀನಿ ಬಿಡಿ."

"ಎಲ್ಲಿ ನೋಡ್ಕೋತೀರಿ? ಕೊಲ್ಲಿ ಮರಳಲ್ಲಾ? ಬಾಯಿ ಮುಚ್ಕೊಂಡು ಮೀನು ತಿನ್ನಿ. ಬ್ಯಾರಿ, ನೀನೂ ಅಷ್ಟೇ. ಈ ಮನೇಲಿ ಯಾರು ಇರ್ಬೇಕು ಯಾರು ಹೋಗ್ಬೇಕು ಅನ್ನೋದು ನಿನ್ನ ಡಿಪೋದವರು ಹೇಳ್ಬೇಕಾಗಿಲ್ಲ."

ಅತ್ತ ದರಿ, ಇತ್ತ ಹುಲಿ. ಬ್ಯಾರಿಯನ್ನು ಕಳಿಸಬಹುದಿತ್ತು, ಆದರೆ ಅವನದು ವಿಚ್ಛೇದನ ಆದ ಬದುಕು, ಭಾನುವಾರಕ್ಕೊಮ್ಮೆ ಮಗಳು ಅಲ್ಲಿಗೇ ಬರುತ್ತಿದ್ದಳು. ಇನ್ನಿಬ್ಬರಲ್ಲಿ ಒಬ್ಬನಿಗೆ ಕಣ್ಣು ಮಂಜು, ಇನ್ನೊಬ್ಬ ಬಂದು ವರ್ಷವೂ ಆಗಿರಲಿಲ್ಲ, ಜೈಲಿನಿಂದ ಬಂದು ಈಗಷ್ಟೇ ಕಾಲೂರಿದ್ದ. ಯಾರ ಬೆನ್ನ ಮೇಲೆ ಕೈಯಿಟ್ಟು ಹೊರಡು ಅನ್ನುವುದು? ಏಪ್ರಿಲ್ ಹೋಯಿತು, ಮೇ ಹೋಯಿತು. ಜೂನ್‌ನಲ್ಲಿ ಒಂದು ಬೆಳಗ್ಗೆ ಹಾಸಿಗೆ ಹೊದಿಕೆ ಒಣಗಹಾಕುತ್ತಿದ್ದಾಗ ಅವಳಿಗೆ ಉತ್ತರ ಸಿಕ್ಕಿತು. ಐದರಲ್ಲಿ ಒಂದು ತಲೆ ಕಡಿಮೆಯಾಗಬೇಕು, ಯಾವ ತಲೆ ಅಂತ ಕಾನೂನು ಕೇಳುವುದಿಲ್ಲ.

ಬರ್ನ್ಲಿಯಲ್ಲಿ ಅವಳ ಅಕ್ಕ ವೆರಾ ಒಬ್ಬಳೇ ಇದ್ದಳು. ವೆರಾಗೆ ಏನೂ ಆಗಿರಲಿಲ್ಲ. ಬಿದ್ದು ಸೊಂಟ ಉಳುಕಿಸಿಕೊಂಡಿದ್ದಾಳೆ, ನೋಡಿಕೊಳ್ಳಲು ಹೋಗಬೇಕು ಅಂತ ಥೆಲ್ಮಾ ಮೇಜಿನಲ್ಲಿ ಸುಳ್ಳು ಹೇಳಿದಳು. "ನಾನು ಹೋದ್ರೆ ನೀವು ನಾಲ್ಕೇ ಜನ. ಲೈಸೆನ್ಸ್ ತಂಟೇನೂ ತಾನಾಗೇ ಮುಗೀತು, ನೋಡಿ, ಒಂದೇ ಕಲ್ಲಿಗೆ ಎರಡು ಹಕ್ಕಿ" ಅಂದಳು. ಎಷ್ಟು ಹಗುರವಾಗಿ ಅಂದಳೆಂದರೆ ಅರ್ನಲ್ಡ್ ನಂಬಿದ. ತನಗೋಸ್ಕರ ಅಂತ ತಿಳಿದಿದ್ದರೆ ಆ ಮನುಷ್ಯ ಆ ಕ್ಷಣವೇ ಚೀಲ ಎತ್ತುತ್ತಿದ್ದ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಾನು ಹೋದ ಮೇಲೆ ನನ್ನ ಕೋಣೆಗೆ ಬಂದ್ಬಿಡಿ, ಅರ್ನಲ್ಡ್. ದೊಡ್ಡದಾಗಿದೆ" ಅಂತಲೂ ಕೇಳಿ ನೋಡಿದಳು.

"ಛೇ ಛೇ. ರಾನಿ ಪ್ರಾಣ ಬಿಟ್ಟ ಮಂಚ ಅದು. ಅಲ್ಲಿ ನನಗೆ ನಿದ್ದೆ ಬರುತ್ತಾ? ನಂಗೆ ನನ್ನ ಕಿಟಕಿ ಸಾಕು."

ಅವಳಿಗೂ ಒಳಗೊಳಗೆ ಸಮಾಧಾನವೇ ಆಯಿತು. ತನ್ನ ಕೋಣೆಗೆ ಬೀಗ ಹಾಕಿಕೊಂಡು ಹೋಗುವುದು, ಮುಂದೆ ಯಾರಾದರೂ ತಾವಾಗಿ ಬಿಟ್ಟರೆ ವಾಪಸು ಬರುವುದು ಅಂತ ಅವಳ ಲೆಕ್ಕ.

ಮನೆ ನೋಡಿಕೊಳ್ಳಲು ಏಜೆಂಟ್ ಒಬ್ಬ ಬೇಕಲ್ಲ. ಡೀನ್ ವಿಟಲ್ ಎಂಬ ಹುಡುಗ ಒಪ್ಪಿಕೊಂಡ. ಅವನ ಅಜ್ಜಿ ಎರಡು ಮನೆ ಆಚೆ ವಸತಿಮನೆ ನಡೆಸುತ್ತಿದ್ದವಳು, ಇವನನ್ನು ಥೆಲ್ಮಾ ಚಡ್ಡಿಯಲ್ಲಿ ಕಂಡಿದ್ದಳು. ಈಗ ಬೂಟು ಮಿಂಚುತ್ತಿತ್ತು, ಮಾತು ನಯ. ಏಜೆಂಟರ ಸಂಘದ ಸದಸ್ಯ, ಬಾಡಿಗೆದಾರರ ಮುಂಗಡ ಜೋಪಾನ ಮಾಡುವವನು, ಕಾಗದಪತ್ರದಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಇಲ್ಲ. ಹನ್ನೊಂದು ಪುಟದ ಒಪ್ಪಂದ ತಂದ. ಥೆಲ್ಮಾ ಕನ್ನಡಕ ಹಾಕಿಕೊಂಡು ಹನ್ನೊಂದನ್ನೂ ಓದಿದಳು. ಏಳನೆಯ ಪುಟದಲ್ಲಿ, ಮಾಲೀಕರ ಪರವಾಗಿ ಬಾಡಿಗೆದಾರರಿಗೆ ತೆರವಿನ ನೋಟಿಸು ಕೊಡುವ ಅಧಿಕಾರ ಏಜೆಂಟರಿಗಿದೆ ಎಂದಿತ್ತು. ಕುಡಿದು ಬಾಗಿಲು ಒಡೆಯುವವರಿಗೆ ಇರಬೇಕು ಅಂದುಕೊಂಡು ಸಹಿ ಹಾಕಿದಳು.

ಹೊರಡುವ ಮುಂಚೆ ಶಾಜಿಯಾಗೆ ಫೋನ್ ಮಾಡಿ ವಿಷಯ ತಿಳಿಸಿದಳು. ಶಾಜಿಯಾ, "ನಿಜವಾಗ್ಲೂ ಹೋಗ್ತಿದೀರಾ? ಸುಮ್ನೆ ಕಾಗದದ ಮೇಲೆ ಅಲ್ವಲ್ಲ? ಕೆಲವರು ಹೋದೆ ಅಂತ ಹೇಳಿ ಅಲ್ಲೇ ಇರ್ತಾರೆ. ನಿಮ್ಮ ಹಲ್ಲುಜ್ಜೋ ಬ್ರಷ್ ಅಲ್ಲಿ ಸಿಕ್ಕಿದ್ರೆ ನಾನು ನಿಮ್ಮನ್ನ ಐದನೆಯವರು ಅಂತಾನೇ ಎಣಿಸ್ಬೇಕು" ಅಂದಳು. ಹುಡುಗಿ ಎಚ್ಚರಿಕೆಗೆ ಅಂದದ್ದು. ಥೆಲ್ಮಾ ಅದನ್ನು ಶಾಸನ ಅಂತ ತಿಳಿದಳು. ಬಂದು ಒಂದು ಲೋಟ ಚಹಾ ಕುಡಿದು ಹೋದರೆ ಯಾವ ಕಾನೂನಿಗೂ ಅಡ್ಡಿಯಿರಲಿಲ್ಲ. ಆದರೆ ನೋಟಿಸಿಗೆ ಹೆದರಿದವಳು ನೆರಳಿಗೂ ಹೆದರಿದಳು. ಜುಲೈ ಕೊನೆಗೆ ಎರಡು ಪೆಟ್ಟಿಗೆ ಹಿಡಿದು ಹೋದವಳು ಮೂರು ತಿಂಗಳಿಗೂ ಹೆಚ್ಚು ಕಾಲ ಆ ಊರಿಗೆ ಕಾಲಿಡಲಿಲ್ಲ.

ಬರ್ನ್ಲಿ ಅವಳ ಹುಟ್ಟೂರು, ಆದರೆ ಐವತ್ತೈದು ವರ್ಷ ಕಡಲ ಗಾಳಿ ಕುಡಿದವಳಿಗೆ ಅಲ್ಲಿ ಉಸಿರೇ ಕಟ್ಟಿದಂತೆ. ವೆರಾ ಬೆಳಗ್ಗೆಯಿಂದ ಟಿವಿ ಹಾಕುತ್ತಿದ್ದಳು. "ನಿಂಗೆ ತಲೆ ಕೆಟ್ಟಿದೆ" ಅಂತ ದಿನಕ್ಕೊಮ್ಮೆ ತಪ್ಪದೆ ಹೇಳುತ್ತಿದ್ದಳು. "ಬಾಡಿಗೆಯವನಿಗೋಸ್ಕರ ಮನೆಯವಳು ಮನೆ ಬಿಡೋದಾ? ಯಾರಾದ್ರೂ ಕೇಳಿದ್ರೆ ಏನಂತಾರೆ?"

"ಯಾರೂ ಕೇಳಲ್ಲ. ನೀನೂ ಹೇಳ್ಬೇಡ."

ಭಾನುವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳು ಮನೆಯ ಹಜಾರದ ಫೋನಿಗೆ ಕರೆ ಮಾಡುತ್ತಿದ್ದಳು. ಎತ್ತುವವನು ಯಾವಾಗಲೂ ಅರ್ನಲ್ಡೇ. ನೀರು ಎಷ್ಟು ಹೊತ್ತಿಗೆ ಏರಿತು, ಯಾವ ಹಕ್ಕಿ ಬಂತು, ಬ್ಯಾರಿಯ ಮಗಳ ಹಲ್ಲು ಬಿತ್ತು. ಐದು ನಿಮಿಷದ ಮಾತು. ಅದರ ಮೇಲೆ ಅವಳ ಒಂದು ವಾರ ಉರುಳುತ್ತಿತ್ತು.

ಆಗಸ್ಟ್‌ ಮಧ್ಯದಲ್ಲಿ ಡೀನ್ ಫೋನ್ ಮಾಡಿದ. ಬೀಗ ಹಾಕಿದ ಅವಳ ಕೋಣೆಯದೇ ತಕರಾರು. "ನಿಮ್ಮ ಬಟ್ಟೆಬರೆ ಎಲ್ಲ ಅಲ್ಲೇ ಇದ್ರೆ ನೀವು ವಾಸ ಇದೀರಿ ಅಂತ ಯಾರಾದ್ರೂ ಅನ್ನಬಹುದು, ಮಿಸೆಸ್ ಬ್ಯಾಂಬರ್. ಖಾಲಿ ಮಾಡಿಸಿ ಕೋಣೆ ಬಳಸ್ಕೊಳ್ಳೋದು ವಾಸಿ. ನಾಲ್ಕು ಜನಕ್ಕಿಂತ ಹೆಚ್ಚಾಗದ ಹಾಗೆ ನಾನು ಹೊಂದಿಸ್ತೀನಿ."

ದಂಡ ಅನ್ನುವ ಮಾತು ಅವನ ಬಾಯಲ್ಲಿ ಬರುವ ಮುಂಚೆಯೇ ಅವಳು ಒಪ್ಪಿಬಿಟ್ಟಳು. "ತೆಗೆಸಪ್ಪ, ಎಲ್ಲ ತೆಗೆಸು. ನಿಯಮಕ್ಕೆ ಏನು ಸರಿಯೋ ಹಾಗೆ ಮಾಡು. ನನ್ನ ಕೇಳ್ಬೇಡ" ಅಂದಳು.

ಸೆಪ್ಟೆಂಬರ್‌ನ ಒಂದು ಭಾನುವಾರ ಅರ್ನಲ್ಡ್‌ನ ದನಿ ಸ್ವಲ್ಪ ಬೇರೆಯಾಗಿತ್ತು. ನೀರಿನ ಮಾತು ಮುಗಿದ ಮೇಲೆ ಗಂಟಲು ಸರಿಮಾಡಿಕೊಂಡ.

"ಮಿಸೆಸ್ ಬ್ಯಾಂಬರ್, ಒಂದು ಮಾತು. ನೀವು ಮನಸ್ಸಿಗೆ ಹಚ್ಕೋಬೇಡಿ. ಮಾಡ್ಬೇಕಾದ್ದು ಮಾಡಿದೀರಿ. ನಂಗೆ ಬೇಜಾರಿಲ್ಲ."

ತಾನು ಮನೆ ಬಿಟ್ಟು ಬಂದದ್ದಕ್ಕೆ ಹೇಳುತ್ತಿದ್ದಾನೆ ಅಂತ ಅವಳು ತಿಳಿದಳು. "ಬೇರೆ ದಾರಿ ಇರ್ಲಿಲ್ಲ, ಅರ್ನಲ್ಡ್. ಎಷ್ಟು ಯೋಚನೆ ಮಾಡಿದ್ರೂ ದಾರಿ ಇರ್ಲಿಲ್ಲ."

"ಗೊತ್ತು. ಹಾಗೇ ಇರುತ್ತೆ ಅಂತ ಗೊತ್ತಿತ್ತು ನಂಗೆ" ಅಂದ ಅವನು. ಆಮೇಲೆ ಅವನು, ಚಳಿ ಶುರುವಾಯಿತು, ಮೈ ನೋಡಿಕೊಳ್ಳಿ, ಅಂದ.

ನವೆಂಬರ್‌ನ ಮೊದಲ ಭಾನುವಾರ ಫೋನ್ ಹೊಡೆದುಕೊಂಡೇ ಇತ್ತು. ಎರಡನೆಯ ಭಾನುವಾರ ಬ್ಯಾರಿ ಎತ್ತಿದ.

"ಅರ್ನಲ್ಡಾ? ಅವನೆಲ್ಲಿ ಇದಾನೆ ಇಲ್ಲಿ? ಹೋಗಿ ಹದಿನೈದು ದಿನ ಆಯ್ತು."

"ಎಲ್ಲಿಗೆ ಹೋದ?"

"ನನ್ನ ಕೇಳ್ತೀರಲ್ಲ! ನೋಟಿಸು ಕಳಿಸಿದ್ದು ನೀವು. ನಿಮ್ಮ ಹೆಸರು ದಪ್ಪ ಅಕ್ಷರದಲ್ಲಿತ್ತು, ನಾನೇ ಓದಿ ಹೇಳಿದೆ ಅವನಿಗೆ." ಬ್ಯಾರಿ ದನಿ ತಗ್ಗಿಸಿದ. "ಅವತ್ತು ಮೇಜಲ್ಲಿ ನಾನೇನೋ ಅಂದೆ, ಸರಿ. ಬಾಯಿ ಚಪಲ. ಆದ್ರೆ ನೀವು ನಿಜವಾಗ್ಲೂ ಮಾಡ್ತೀರಿ ಅಂತ ಅಂದ್ಕೊಂಡಿರ್ಲಿಲ್ಲ."

ಥೆಲ್ಮಾ ಕೋಟು ಹಾಕಿಕೊಂಡದ್ದು, ಮರುದಿನದ ಮೊದಲ ರೈಲು ಹತ್ತಿದ್ದು, ಪ್ರೆಸ್ಟನ್‌ನಲ್ಲಿ ಗಾಡಿ ಬದಲಿಸಿದ್ದು ಯಾವುದೂ ಅವಳಿಗೆ ನೆನಪಿಲ್ಲ. ನೆಟ್ಟಗೆ ಡೀನ್‌ನ ಕಚೇರಿಗೆ ನುಗ್ಗಿದಳು. ಅವನು ಎದ್ದು ನಿಂತು ಕುರ್ಚಿ ತೋರಿಸಿದ.

"ಯಾರನ್ನ ಕೇಳಿ ಅರ್ನಲ್ಡ್‌ನ ಹೊರಗೆ ಹಾಕ್ದೆ?"

"ನಿಮ್ಮನ್ನೇ ಕೇಳಿದ್ನಲ್ಲ, ಮಿಸೆಸ್ ಬ್ಯಾಂಬರ್. ಫೈಲಲ್ಲಿ ಬರ್ಕೊಂಡಿದೀನಿ." ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಪಾಪ. "ಲೈಸೆನ್ಸ್ ಇಲ್ದೆ ನಾಲ್ಕೇ ಜನ ಇರಬಹುದು. ನಾಲ್ಕೇ ಜನ ಅಂದ್ಮೇಲೆ ನಾಲ್ಕು ದೊಡ್ಡ ಕೋಣೆಗೆ ನಾಲ್ಕು ಜನ ಹಾಕೋದು ತಾನೇ? ನಿಮ್ಮ ಕೋಣೆಗೆ ಎರಡರಷ್ಟು ಬಾಡಿಗೆ ಬರುತ್ತೆ. ಕಿರುಕೋಣೇಲಿ ಒಬ್ಬರನ್ನ ಇಟ್ಟು ದೊಡ್ಡದಕ್ಕೆ ಬೀಗ ಹಾಕೋದು ಯಾವ ಮಾಲೀಕರಿಗೆ ಬೇಕು? ಮೊದ್ಲು ಅರ್ನಲ್ಡ್ ಅವರಿಗೇ ಆ ಕೋಣೆ ಕೇಳಿದೆ. ಅವರ ಕೈಲಿ ಆಗಲ್ಲ ಅಂದ್ರು. ಎರಡು ತಿಂಗಳು ಪೂರ್ತಿ ಕೊಟ್ಟೆ, ನಿಯಮದ ಪ್ರಕಾರ."

"ನಾನು ಆ ಮನೆ ಬಿಟ್ಟಿದ್ದೇ..." ಅಂತ ಶುರುಮಾಡಿದವಳಿಗೆ ಮಾತು ಮುಂದೆ ಹೋಗಲಿಲ್ಲ. ಅವನಿಗೆ ಹೇಳಿದ್ದಾದರೂ ಯಾವಾಗ? ವೆರಾ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಅರ್ನಲ್ಡ್ ಉಳಿಯಲಿ ಅಂತ ಖಾಲಿ ಮಾಡಿದ ಕೋಣೆಯೇ ಅರ್ನಲ್ಡ್‌ನನ್ನು ಹೊರಗೆ ಹಾಕಿತ್ತು. ಅವಳು ಮೇಜಿನ ಅಂಚು ಹಿಡಿದುಕೊಂಡಳು. "ವಾಪಸ್ ಕರೆಸು ಅವನನ್ನ."

"ಹೊಸಬರ ಜೊತೆ ವರ್ಷದ ಒಪ್ಪಂದ ಆಗಿದೆ. ಮುಂದಿನ ಅಕ್ಟೋಬರ್‌ವರೆಗೆ ಅವರನ್ನ ಮುಟ್ಟೋ ಹಾಗಿಲ್ಲ. ಅರ್ನಲ್ಡ್ ಬಂದ್ರೆ ಐದಾಗುತ್ತೆ." ಅವನು ತಲೆ ತಗ್ಗಿಸಿದ. "ಐದಾದ್ರೆ ಆ ಕೋಣೆ ನಡೆಯಲ್ಲ. ನಿಮಗೇ ಗೊತ್ತು."

ಅರ್ನಲ್ಡ್ ಇದ್ದ ಜಾಗವನ್ನು ಬ್ಯಾರಿ ತೋರಿಸಿಕೊಟ್ಟ. ದಂಡೆಯ ಹಿಂದಿನ ಓಣಿ, ನಾಣ್ಯ ಹಾಕಿ ಆಡುವ, ಈಗ ಮುಚ್ಚಿಹೋದ ಆಟದಂಗಡಿಯೊಂದರ ಹಿಂಭಾಗ. ಅಲ್ಲಿ ಪರವಾನಗಿಯೂ ಇಲ್ಲ, ಕಾಗದವೂ ಇಲ್ಲ. ವಾರಕ್ಕೊಮ್ಮೆ ಒಬ್ಬ ಬಂದು ಬಾಡಿಗೆ ಇಸಿದುಕೊಂಡು ಹೋಗುತ್ತಾನೆ, ಹೆಸರು ಕೂಡ ಹೇಳುವುದಿಲ್ಲ. ಬಾಗಿಲು ತಟ್ಟಿದರೆ ಮೊದಲು ಕೆಮ್ಮು ಕೇಳಿತು, ಆಮೇಲೆ ಹೆಜ್ಜೆ.

"ಮಿಸೆಸ್ ಬ್ಯಾಂಬರ್!" ಅವನು ತಲೆಗೂದಲು ಸವರಿಕೊಂಡ, ಅಂಗಿಯ ಗುಂಡಿ ಹಾಕಿಕೊಂಡ. "ಬನ್ನಿ, ಬನ್ನಿ. ವೆರಾ ಅವರ ಸೊಂಟ ಹೇಗಿದೆ?"

"ಚೆನ್ನಾಗಿದಾಳೆ."

ಕೋಣೆ ದೊಡ್ಡದಿತ್ತು. ಅವಳ ಊಟದ ಕೋಣೆಯಷ್ಟು. ಅವಳ ಕಣ್ಣು ಓಡಾಡಿದ್ದನ್ನು ಕಂಡು ಅವನು ನಕ್ಕ. "ಅಳತೆಗೇನೂ ಕೊರತೆ ಇಲ್ಲ. ನಿಮ್ಮ ಶಾಜಿಯಾ ಬಂದ್ರೆ ಇಬ್ಬರು ಮಲಗಬಹುದು ಅಂತಾಳೆ." ಕಿಟಕಿ ಇರಲಿಲ್ಲ. ಗೋಡೆಯ ಮೇಲೆ ನೀರು ಇಳಿದ ಗೆರೆ, ಮೂಲೆಯಲ್ಲಿ ಕಪ್ಪಗೆ ಬೂಷ್ಟು. ಅವನ ಇನ್ನೊಂದು ಅಂಗಿ ಮೊಳೆಯಲ್ಲಿ ತೇವವಾಗಿ ತೂಗುತ್ತಿತ್ತು. ಇದ್ದ ಒಂದೇ ಕುರ್ಚಿಯನ್ನು ತೋಳಿನಿಂದ ಒರೆಸಿ ಅವಳಿಗೆ ಕೊಟ್ಟು, ತಾನು ಮಂಚದ ಮೇಲೆ ಕೂತ. ಕೆಮ್ಮು ಮತ್ತೆ ಬಂತು, ಸುಮಾರು ಹೊತ್ತು ಬಿಡಲಿಲ್ಲ.

"ಅರ್ನಲ್ಡ್, ಆ ನೋಟಿಸು ನಾನು ಕಳಿಸಿದ್ದಲ್ಲ."

ಅವನು ಅವಳನ್ನೇ ನೋಡಿದ.

"ದೇವರಾಣೆ. ನಂಗೆ ಗೊತ್ತೇ ಇರ್ಲಿಲ್ಲ. ಡೀನ್ ಮಾಡಿದ್ದು, ನನ್ನ ಹೆಸರಲ್ಲಿ. ನಿನ್ನೆ ಬ್ಯಾರಿ ಹೇಳಿದಾಗ್ಲೇ ತಿಳಿದದ್ದು. ನಾನು ನಿಮ್ಮನ್ನ ಹೋಗಿ ಅಂತೀನಾ? ನಾನು?"

ಅರ್ನಲ್ಡ್‌ನ ಮುಖ ಮೆಲ್ಲಗೆ ಬಿಚ್ಚಿಕೊಂಡಿತು. ಆ ಮುಖ ಹಾಗೆ ಅರಳಿದ್ದನ್ನು ಅವಳು ಇಪ್ಪತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ. ಅವನು ಎದ್ದ. ಮಂಚದ ಕೆಳಗಿನಿಂದ ಕೈಚೀಲ ಎಳೆದ.

"ನಂಗೆ ಗೊತ್ತಿತ್ತು, ಎಲ್ಲೋ ಏನೋ ತಪ್ಪಾಗಿದೆ ಅಂತ. ರಾತ್ರಿಯೆಲ್ಲ ಅದನ್ನೇ... ಇರ್ಲಿ ಬಿಡಿ. ಹೆಚ್ಚೇನಿಲ್ಲ ಸಾಮಾನು, ಹತ್ತು ನಿಮಿಷ. ಇವತ್ತೇ ಬಂದ್ಬಿಡ್ಲಾ?"

ಇದನ್ನು ಅವಳು ಯೋಚಿಸಿಯೇ ಇರಲಿಲ್ಲ. ರೈಲಿನಲ್ಲಿ ಅಷ್ಟು ದೂರ ಬರುವಾಗ, ತಾನು ಹಾಗೆ ಮಾಡುವವಳಲ್ಲ ಅಂತ ಅವನಿಗೆ ತಿಳಿಯಬೇಕು ಅನ್ನುವುದೊಂದೇ ಅವಳ ತಲೆಯಲ್ಲಿತ್ತು.

"ಅರ್ನಲ್ಡ್, ಕೂತ್ಕೊಳ್ಳಿ. ನನ್ನ ಕೋಣೆಗೆ ಬೇರೆ ಯಾರೋ ಬಂದಿದಾರೆ. ನಾಲ್ಕು ಜನ ತುಂಬಿದಾರೆ. ಮುಂದಿನ ಅಕ್ಟೋಬರ್‌ಗೆ ಅವರ ಒಪ್ಪಂದ ಮುಗಿಯುತ್ತೆ, ಆಗ..."

"ಮುಂದಿನ ಅಕ್ಟೋಬರ್" ಅಂದ ಅವನು. ಚೀಲ ಇನ್ನೂ ಕೈಯಲ್ಲಿತ್ತು. ಗೋಡೆಯ ಕಡೆಗೊಮ್ಮೆ ನೋಡಿದ. ಚೀಲವನ್ನು ಮೆಲ್ಲಗೆ ಮತ್ತೆ ಮಂಚದ ಕೆಳಗೆ ತಳ್ಳಿ, ಕೂತು, ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡ. ಅವನಿಗೆ ಸಿಟ್ಟು ಬಂದಿರಲಿಲ್ಲ. ಬಂದಿದ್ದರೆ ಚೆನ್ನಾಗಿತ್ತು.

"ನೀವೇ ಕಳಿಸಿದ್ರಿ ಅಂದ್ಕೊಂಡು ಹೇಗೋ ಒಗ್ಗಿಸ್ಕೊಂಡಿದ್ದೆ. ಮನೆ ಅವರದು, ಅವರಿಗೂ ಏನೋ ಕಷ್ಟ ಇರುತ್ತೆ ಅಂತ. ನಿದ್ದೇನೂ ಬರೋಕೆ ಶುರುವಾಗಿತ್ತು." ಅವನು ತಲೆಯೆತ್ತಿದ. "ವಾಪಸ್ ಕರ್ಕೊಂಡು ಹೋಗೋಕೆ ಆಗಲ್ಲ ಅಂದ್ಮೇಲೆ, ಇದನ್ನ ಹೇಳೋಕೆ ಅಷ್ಟು ದೂರದಿಂದ ಯಾಕೆ ಬಂದ್ರಿ, ಮಿಸೆಸ್ ಬ್ಯಾಂಬರ್?"

ಥೆಲ್ಮಾ ಮೊಳೆಯಲ್ಲಿದ್ದ ತೇವದ ಅಂಗಿಯನ್ನು ತೆಗೆದು ಕೊಡವಿ ಮತ್ತೆ ತೂಗುಹಾಕಿದಳು. ಅವನು ಎದ್ದು ಚಹಾಕ್ಕೆ ನೀರಿಟ್ಟ.